ಕಲ್ಲು ಹೊತ್ತ ಸಂತ

ಸಾಮಾನ್ಯ ಜ್ಞಾನದ ನೋಟ್ಸ್‌ನಲ್ಲಿ ನಾನು ಎರಡು ವರ್ಷದಿಂದ ಬಾಯಿಪಾಠ ಮಾಡುತ್ತಿರುವ ಸಾಲೊಂದಿದೆ: ಅಕ್ಟೋಬರ್ 4, ವಿಶ್ವ ಪ್ರಾಣಿ ದಿನ. ಆ ದಿನವೇ ಯಾಕೆ ಎಂದು ಈಚೆಗೆ ಹುಡುಕಿದೆ. ಅದು ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸರ ಹಬ್ಬದ ದಿನ. ಹಕ್ಕಿಗಳ ನಡುವೆ ನಿಂತ ಅವರ ಚಿತ್ರ ನೋಡಿದ್ದೆನಷ್ಟೆ. ಬದುಕಿನ ಕಥೆ ಓದಿದಾಗ, ಸುಮಾರು ಇಪ್ಪತ್ತನಾಲ್ಕರಲ್ಲಿ ಅವರೂ ನನ್ನ ಹಾಗೆ ದಿಕ್ಕು ತೋಚದೆ ಮನೆಗೆ ಮರಳಿದ್ದರು ಎಂದು ತಿಳಿಯಿತು.

ಅವರು ಹುಟ್ಟಿದ್ದು 1181ರ ಸುಮಾರಿಗೆ. ತಂದೆ ಪಿಯೆತ್ರೊ ಸಿರಿವಂತ ಬಟ್ಟೆ ವ್ಯಾಪಾರಿ. ಮಗನಿಗೆ ಅಂಗಡಿಗಿಂತ ಕುದುರೆ ಏರಿ ವೀರನಾಗುವ ಆಸೆ. 1202ರಲ್ಲಿ ನೆರೆಯ ಪೆರೂಜಾ ನಗರದ ವಿರುದ್ಧದ ಯುದ್ಧಕ್ಕೆ ಹೋಗಿ ಸೆರೆಸಿಕ್ಕರು. ಸುಮಾರು ಒಂದು ವರ್ಷ ಸೆರೆಮನೆ, ಆಮೇಲೆ ಕಾಯಿಲೆ. ಮತ್ತೊಮ್ಮೆ ಯುದ್ಧಕ್ಕೆಂದು ಹೊರಟವರು ಸ್ಪೊಲೆತೊ ಊರಿನಿಂದಲೇ ಹಿಂತಿರುಗಿದರು. ಊರವರ ಮುಂದೆ ಹಾಗೆ ವಾಪಸಾಗುವುದು ಎಂಥ ಸಂಕಟವೆಂದು, ಎರಡನೇ ಸಲವೂ ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದ ನನಗೆ ಗೊತ್ತು.

ಊರ ಹೊರಗೆ ಸ್ಯಾನ್ ಡಾಮಿಯಾನೊ ಎಂಬ ಪಾಳುಬಿದ್ದ ಚರ್ಚ್ ಇತ್ತು. ಅಲ್ಲಿ ಪ್ರಾರ್ಥಿಸುವಾಗ, ತನ್ನ ಮನೆಯನ್ನು ದುರಸ್ತಿ ಮಾಡು ಎಂದು ಶಿಲುಬೆಯ ಮೇಲಿನ ಕ್ರಿಸ್ತ ಹೇಳಿದಂತೆ ಅವರಿಗೆ ಕೇಳಿಸಿತಂತೆ. ತಂದೆಯ ಬಟ್ಟೆಯನ್ನೂ ಕುದುರೆಯನ್ನೂ ಮಾರಿ ಹಣ ತಂದರು. ಕೆರಳಿದ ತಂದೆ ಬಿಷಪ್ ಎದುರು ದೂರು ಒಯ್ದರು. ಮಗ ಹಣದ ಜೊತೆ ಮೈಮೇಲಿನ ಬಟ್ಟೆಯನ್ನೂ ಕಳಚಿಕೊಟ್ಟು ಹೊರನಡೆದರು.

ಇಲ್ಲಿ ನನಗೆ ತಂದೆಯ ಮೇಲೂ ಮರುಕ. ನನ್ನಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ದಿನವಿಡೀ ನಿಂತೇ ಇರುವ ಕೆಲಸ. ನನ್ನ ಕೋಚಿಂಗ್ ಫೀಸು ಬಂದದ್ದು ಆ ಸಂಬಳದಿಂದ. ಹಾಗೆ ಎಲ್ಲ ಬಿಟ್ಟು ಹೊರಡುವುದು ನನ್ನಿಂದಾಗದು. ಆ ತಂದೆ ಮಗ ಮತ್ತೆ ಒಂದಾದರೆಂದು ನಾನೆಲ್ಲೂ ಓದಲಿಲ್ಲ.

ನನಗೆ ಹಿಡಿಸಿದ್ದು ಮುಂದಿನ ಭಾಗ. ದೊಡ್ಡ ಯೋಜನೆಯೇನೂ ಅವರ ಕೈಯಲ್ಲಿರಲಿಲ್ಲ. ಒಂದು ಕಾಲದಲ್ಲಿ ಕಂಡರೆ ಹೇಸುತ್ತಿದ್ದ ಕುಷ್ಠರೋಗಿಗಳ ಸೇವೆ ಮಾಡಿದರು. ಮೆರೆದಾಡಿದ್ದ ಬೀದಿಗಳಲ್ಲೇ ಕಲ್ಲು ಬೇಡಿ, ಹೊತ್ತು ತಂದು ಆ ಗೋಡೆ ಕಟ್ಟಿದರು. ಪೊರ್ಜಿಯುಂಕೊಲಾ ಎಂಬ ಪುಟ್ಟ ಪ್ರಾರ್ಥನಾಲಯವನ್ನೂ ಸರಿಪಡಿಸಿದರು. ನಿಧಾನವಾಗಿ ಜೊತೆಗಾರರು ಸೇರಿದರು. 1209ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಅವರ ಬಡತನದ ಜೀವನಕ್ರಮವನ್ನು ಒಪ್ಪಿದರು. 1212ರಲ್ಲಿ ಕ್ಲಾರಾ ಎಂಬ ಯುವತಿಯೂ ಅದೇ ದಾರಿ ಹಿಡಿದು ಸ್ಯಾನ್ ಡಾಮಿಯಾನೊದಲ್ಲಿ ನೆಲೆಸಿದರು. 1219ರಲ್ಲಿ, ಐದನೇ ಕ್ರುಸೇಡ್ ಯುದ್ಧದ ನಡುವೆಯೇ, ಫ್ರಾನ್ಸಿಸ್ ಈಜಿಪ್ಟಿಗೆ ಹೋಗಿ ಸುಲ್ತಾನ್ ಅಲ್-ಕಾಮಿಲ್ ಜೊತೆ ಮಾತಾಡಿ ಬಂದರು. ಯೌವನದಲ್ಲಿ ಕತ್ತಿ ಹಿಡಿದು ಸೋತವರು ಈ ಸಲ ಬರಿಗೈಲಿ ಹೋಗಿದ್ದರು.

ಕೊನೆಗಾಲದಲ್ಲಿ ಕಣ್ಣು ಮಂಜಾದಾಗ ಸೂರ್ಯ, ಚಂದ್ರ, ನೀರು, ಬೆಂಕಿಗಳನ್ನು ಒಡಹುಟ್ಟಿದವರೆಂದು ಕರೆದು ಹಾಡು ಕಟ್ಟಿದರು. ಅದೂ ಲ್ಯಾಟಿನ್‌ನಲ್ಲಲ್ಲ, ತಮ್ಮ ಸೀಮೆಯ ಆಡುಮಾತಿನಲ್ಲಿ. 1226ರ ಅಕ್ಟೋಬರ್ 3ರಂದು ತೀರಿಕೊಂಡರು. ಎರಡೇ ವರ್ಷದಲ್ಲಿ ಚರ್ಚ್ ಅವರನ್ನು ಸಂತರೆಂದು ಘೋಷಿಸಿತು. ಏನನ್ನೂ ತನ್ನದೆನ್ನದವರ ಸಮಾಧಿಯ ಮೇಲೆ ಭಾರೀ ಬಸಿಲಿಕಾ ಎದ್ದಿತು. ಪೊರ್ಜಿಯುಂಕೊಲಾದ ಸುತ್ತಲೂ ಆಮೇಲೆ ದೊಡ್ಡ ಚರ್ಚ್ ಕಟ್ಟಿದ್ದಾರೆ. ಅದರೊಳಗೆ ಆ ಪುಟ್ಟ ಗುಡಿಯಂಥ ಕಟ್ಟಡ ಇಂದಿಗೂ ಹಾಗೇ ನಿಂತಿದೆ.

ಪರೀಕ್ಷೆಯನ್ನು ನಾನು ಮತ್ತೊಮ್ಮೆ ಬರೆಯುತ್ತೇನೆ. ಆದರೆ ಫಲಿತಾಂಶ ಬರುವತನಕ ಬದುಕನ್ನು ತಡೆಹಿಡಿದು ಕೂರುವುದು ಬಿಟ್ಟಿದ್ದೇನೆ. ಕಳೆದ ತಿಂಗಳಿಂದ ಸಂಜೆ ಹೊತ್ತು ನಮ್ಮ ಬೀದಿಯ ಆರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಮೊದಲ ತಿಂಗಳ ಹಣವನ್ನು ಅಪ್ಪನ ಕೈಗಿಟ್ಟೆ. ಎಣಿಸದೆ ಜೇಬಿಗೆ ಹಾಕಿಕೊಂಡು, ಊಟ ಆಯ್ತಾ ಎಂದು ಕೇಳಿದರು.