ಆರು ಔನ್ಸಿನ ಕಲ್ಲು

ಸಿವಿಲ್ ಡಿಪ್ಲೊಮಾ ಅಥವಾ ಬಿ.ಇ. ಓದಿದವರಿಗೆ ಡಬ್ಲ್ಯುಬಿಎಂ ಎಂದರೆ ಏನೆಂದು ಹೇಳಬೇಕಾಗಿಲ್ಲ. ವಾಟರ್ ಬೌಂಡ್ ಮೆಕಾಡಮ್. ಜಲ್ಲಿ ಹರಡಿ, ರೋಲರ್ ಓಡಿಸಿ, ಸಂದುಗಳಿಗೆ ಸಣ್ಣ ಪುಡಿ ತುಂಬಿ, ನೀರು ಹಾಕಿ ಗಟ್ಟಿ ಮಾಡುವ ರಸ್ತೆಯ ಪದರ. ಡಿಪ್ಲೊಮಾ ಪರೀಕ್ಷೆಯಲ್ಲೂ ಬರುತ್ತದೆ, ಕಿರಿಯ ಎಂಜಿನಿಯರ್ ಹುದ್ದೆಯ ಪರೀಕ್ಷೆಯಲ್ಲೂ ಬರುತ್ತದೆ. ಅದರ ಕೊನೆಯ ಅಕ್ಷರ ಒಬ್ಬ ಮನುಷ್ಯನ ಹೆಸರು ಎಂಬುದು ಮಾತ್ರ ನಾನು ಓದಿದ ಗೈಡ್‌ಗಳಲ್ಲಿ ಸಿಗಲಿಲ್ಲ. ಹೆದ್ದಾರಿ ಅಗಲೀಕರಣದ ಕೆಲಸವೊಂದರಲ್ಲಿ ಎಂಟು ತಿಂಗಳು ಲ್ಯಾಬ್ ಸಹಾಯಕನಾಗಿ ಜಲ್ಲಿ ಜರಡಿ ಹಿಡಿದ ಮೇಲೆ ನಾನು ಆ ಮನುಷ್ಯನ ಬಗ್ಗೆ ಓದತೊಡಗಿದೆ. ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಆತನ ಬದುಕಿನಲ್ಲಿ ತಿಳಿಯಬೇಕಾದ್ದು ಸಾಕಷ್ಟಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಜಾನ್ ಲೌಡನ್ ಮೆಕಾಡಮ್ ಹುಟ್ಟಿದ್ದು ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ, 1756ರ ಸೆಪ್ಟೆಂಬರ್ 21ರಂದು. ಹತ್ತು ಮಕ್ಕಳ ಮನೆಯಲ್ಲಿ ಕೊನೆಯವನು. ಹೆಸರಿಗೆ ದೊಡ್ಡ ಮನೆತನ, ಆದರೆ ಕೈಯಲ್ಲಿ ಹಣ ಕರಗುತ್ತಿತ್ತು. 1770ರಲ್ಲಿ ತಂದೆ ತೀರಿಕೊಂಡಾಗ ಹುಡುಗನಿಗೆ ಇನ್ನೂ ಹದಿನಾಲ್ಕು. ನ್ಯೂಯಾರ್ಕಿನಲ್ಲಿ ವ್ಯಾಪಾರಿಯಾಗಿದ್ದ ಚಿಕ್ಕಪ್ಪನ ಬಳಿಗೆ ಅವನನ್ನು ಹಡಗು ಹತ್ತಿಸಿ ಕಳಿಸಿದರು. ಎಂಜಿನಿಯರಿಂಗ್ ಕಾಲೇಜು, ಡಿಗ್ರಿ ಯಾವುದೂ ಅವನ ಬದುಕಿನಲ್ಲಿ ಬರಲೇ ಇಲ್ಲ. ಕಲಿತದ್ದು ಲೆಕ್ಕಪತ್ರ, ಸರಕು, ಸಾಲ, ಬಡ್ಡಿ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಆತ ನಿಂತದ್ದು ಬ್ರಿಟಿಷ್ ದೊರೆಯ ಪಕ್ಷದಲ್ಲಿ. ಯುದ್ಧಕಾಲದ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದ. ಆದರೆ ಆ ಪಕ್ಷ ಸೋತಿತು. 1783ರಲ್ಲಿ ಹೆಂಡತಿ ಮಕ್ಕಳೊಂದಿಗೆ ಊರಿಗೆ ಮರಳಿದಾಗ ಅಲ್ಲಿನ ಆಸ್ತಿಯ ಒಂದು ಭಾಗ ಕೈಬಿಟ್ಟಿತ್ತು. ಉಳಿದ ಹಣದಲ್ಲಿ ಏರ್‌ಶೈರ್‌ನಲ್ಲಿ ಸಾಕ್ರಿ ಎಂಬ ಎಸ್ಟೇಟ್ ಕೊಂಡ. ಊರಿನ ಗಣ್ಯನಾದ್ದರಿಂದ ಅಲ್ಲಿನ ರಸ್ತೆ ಟ್ರಸ್ಟಿನಲ್ಲೂ ಒಂದು ಸ್ಥಾನ ಸಿಕ್ಕಿತು. ರಸ್ತೆಯ ಹುಚ್ಚು ಹಿಡಿದದ್ದು ಅಲ್ಲಿಂದ.

ಈ ರಸ್ತೆ ಟ್ರಸ್ಟ್ ಎಂದರೇನು ಎಂದು ಸ್ವಲ್ಪ ಹೇಳಬೇಕು. 1555ರಲ್ಲಿ ಇಂಗ್ಲೆಂಡ್ ಮಾಡಿದ ಕಾಯ್ದೆಯ ಪ್ರಕಾರ ಊರಿನವರೆಲ್ಲ ವರ್ಷಕ್ಕೆ ನಾಲ್ಕು ದಿನ ರಸ್ತೆಯಲ್ಲಿ ಬಿಟ್ಟಿ ದುಡಿಯಬೇಕಿತ್ತು. ಮುಂದೆ ಅದು ಆರು ದಿನವಾಯಿತು. ಬಿಟ್ಟಿ ಕೆಲಸ ಹೇಗಿರುತ್ತದೋ ರಸ್ತೆಯೂ ಹಾಗೇ ಇತ್ತು. ಹಾಗಾಗಿ ಸಂಸತ್ತು ಒಂದೊಂದು ಭಾಗದ ರಸ್ತೆಗೂ ಪ್ರತ್ಯೇಕ ಕಾಯ್ದೆ ಮಾಡಿ, ಜಮೀನ್ದಾರರು ಮತ್ತು ವರ್ತಕರ ಟ್ರಸ್ಟ್‌ಗಳನ್ನು ರಚಿಸಿತು. ಅವರು ಸಾಲ ತಂದು ರಸ್ತೆ ಮಾಡಿಸಿ, ಗೇಟು ಹಾಕಿ ಸುಂಕ ವಸೂಲಿ ಮಾಡಬಹುದು. ನಮ್ಮಲ್ಲಿ ಸುಂಕದಕಟ್ಟೆ ಎಂಬ ಹೆಸರು ಉಳಿದಿದೆಯಲ್ಲ, ಅಂಥವೇ ಕಟ್ಟೆಗಳು. 1830ರ ದಶಕದ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಟ್ರಸ್ಟ್‌ಗಳು ಸುಮಾರು 20,000 ಮೈಲಿ ರಸ್ತೆ ನೋಡಿಕೊಳ್ಳುತ್ತಿದ್ದವು.

ಟ್ರಸ್ಟಿಗಳಿಗೆ ಸಂಬಳ ಇರಲಿಲ್ಲ, ರಸ್ತೆಯ ತಿಳಿವಳಿಕೆಯೂ ಇರಲಿಲ್ಲ. ಅವರು ನೇಮಿಸುತ್ತಿದ್ದ ಸರ್ವೇಯರ್‌ಗೆ ಸಿಗುತ್ತಿದ್ದುದು ಅಲ್ಪ ಸಂಬಳ. ಕಲ್ಲು ಎಷ್ಟು ಬಂತು, ಯಾವ ಕಲ್ಲು ಬಂತು, ಎಷ್ಟು ದಪ್ಪ ಹರಡಿದರು ಎಂದು ಯಾರೂ ಕೇಳುತ್ತಿರಲಿಲ್ಲ. ದೊಡ್ಡ ಬಂಡೆ, ಮಣ್ಣು, ಸುಣ್ಣಕಲ್ಲು ಎಲ್ಲವನ್ನೂ ಸುರಿದು ಬಿಲ್ ಮಾಡಿದರೆ ಆಯಿತು. ಮಳೆಗಾಲ ಬಂದರೆ ಗಾಡಿ ಹೂತುಹೋಗುತ್ತಿತ್ತು.

ಹಾಗಾದರೆ ಸರ್ಕಾರ ಸುಮ್ಮನಿತ್ತೇ? ಇಲ್ಲ. ಹದಿನೆಂಟನೆಯ ಶತಮಾನದುದ್ದಕ್ಕೂ ಸಂಸತ್ತು ರಸ್ತೆಯ ಬಗ್ಗೆ ಕಾಯ್ದೆಯ ಮೇಲೆ ಕಾಯ್ದೆ ತಂದಿತು. ಆದರೆ ಆ ಕಾಯ್ದೆಗಳ ಕಣ್ಣೆಲ್ಲ ಗಾಡಿಯ ಮೇಲೆ. ಚಕ್ರದ ಪಟ್ಟಿ ಇಷ್ಟು ಅಗಲ ಇರಬೇಕು, ಭಾರ ಇಷ್ಟೇ ಹೇರಬೇಕು, ಮೀರಿದರೆ ದಂಡ. ಗೇಟುಗಳ ಬಳಿ ಗಾಡಿ ತೂಗುವ ತಕ್ಕಡಿಗಳು ಬಂದವು. ರಸ್ತೆ ಕೆಟ್ಟರೆ ತಪ್ಪು ಗಾಡಿಯವನದು. ರಸ್ತೆ ಮಾಡಿದವನನ್ನು ತೂಗುವ ತಕ್ಕಡಿ ಎಲ್ಲೂ ಇರಲಿಲ್ಲ.

ಮೆಕಾಡಮ್ ಇದನ್ನು ತಲೆಕೆಳಗು ಮಾಡಿದ. ಓಡಾಡುವ ಗಾಡಿಗೆ ತಕ್ಕ ಹಾಗೆ ರಸ್ತೆ ಮಾಡಬೇಕು, ಕೆಟ್ಟ ರಸ್ತೆಗೆ ತಕ್ಕ ಹಾಗೆ ಗಾಡಿಯನ್ನು ತಿದ್ದುವುದು ವ್ಯರ್ಥ ಎಂಬುದು ಆತನ ವಾದ. ಆದರೆ ಈ ಮಾತನ್ನು ಜನ ಕೇಳುವ ಹೊತ್ತಿಗೆ ಆತನಿಗೆ ಸುಮಾರು ಅರವತ್ತು ವರ್ಷ. ನಡುವಿನ ವರ್ಷಗಳು ಸುಲಭವಾಗಿರಲಿಲ್ಲ. ಕಲ್ಲಿದ್ದಲಿನಿಂದ ಡಾಂಬರು ತೆಗೆದು ಹಡಗಿನ ತಳಕ್ಕೆ ಬಳಿಯಲು ಮಾರುವ ಉದ್ಯಮಕ್ಕೆ ಕೈಹಾಕಿ ಹಣ ಕಳೆದುಕೊಂಡ. 1798ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಹೋಗಿ ನೌಕಾಪಡೆಗೆ ಆಹಾರ ಸಾಮಗ್ರಿ ಪೂರೈಸುವ ಕೆಲಸ ಮಾಡಿದ. ಅಲ್ಲಿಂದ ಬ್ರಿಸ್ಟಲ್. ಈ ಅವಧಿಯಲ್ಲೇ ತನ್ನ ಕೈಯಿಂದ ಸುಮಾರು 5,000 ಪೌಂಡ್ ಖರ್ಚು ಮಾಡಿ, ಸುಮಾರು 30,000 ಮೈಲಿ ತಿರುಗಿ, ದೇಶದ ರಸ್ತೆಗಳನ್ನು ನೋಡಿದ. ಎಲ್ಲಿ ರಸ್ತೆ ನಿಂತಿದೆ, ಎಲ್ಲಿ ಕುಸಿದಿದೆ, ಏಕೆ ಎಂದು ಬರೆದಿಟ್ಟುಕೊಂಡ. ಇದಕ್ಕೆ ಯಾರೂ ಸಂಬಳ ಕೊಡಲಿಲ್ಲ. 1811ರಲ್ಲಿ ಸಂಸತ್ತಿನ ಸಮಿತಿಯೊಂದಕ್ಕೆ ತನ್ನ ಅಭಿಪ್ರಾಯ ಸಲ್ಲಿಸಿದ. 1816ರಲ್ಲಿ ಬ್ರಿಸ್ಟಲ್ ಟ್ರಸ್ಟ್ ಅವನನ್ನೇ ಸರ್ವೇಯರ್ ಆಗಿ ನೇಮಿಸಿತು. ಸುಮಾರು 150 ಮೈಲಿ ರಸ್ತೆ, ದೇಶದ ದೊಡ್ಡ ಟ್ರಸ್ಟ್‌ಗಳಲ್ಲಿ ಒಂದು.

ಆತನ ವಿಧಾನ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಭಾರ ಹೊರುವುದು ಕೆಳಗಿನ ನೆಲವೇ. ಆ ನೆಲ ಒಣಗಿದ್ದರೆ ಯಾವ ಭಾರವನ್ನಾದರೂ ತಾಳುತ್ತದೆ. ಆದ್ದರಿಂದ ರಸ್ತೆಯನ್ನು ಸುತ್ತಲಿನ ನೀರಿನ ಮಟ್ಟಕ್ಕಿಂತ ಎತ್ತರಿಸಬೇಕು, ಪಕ್ಕದಲ್ಲಿ ಚರಂಡಿ ತೆಗೆಯಬೇಕು. ಮೇಲೆ ಸುಮಾರು ಹತ್ತು ಅಂಗುಲ ದಪ್ಪಕ್ಕೆ ಒಡೆದ ಕಲ್ಲು, ಮಣ್ಣು ಬೆರಸದೆ. ಕೋನಗಳಿರುವ ಕಲ್ಲುಗಳು ಗಾಡಿಗಳ ಓಡಾಟಕ್ಕೆ ಒಂದನ್ನೊಂದು ಕಚ್ಚಿಕೊಂಡು ನೀರು ಇಳಿಯದ ಚಾವಣಿಯಾಗುತ್ತವೆ. 30 ಅಡಿ ಅಗಲದ ರಸ್ತೆಗೆ ನಡುವೆ ಮೂರು ಅಂಗುಲ ಉಬ್ಬು ಸಾಕು.

ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಯಾವ ಕಲ್ಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು ಎಂದು ಆತ ನಿಯಮ ಮಾಡಿದ. ಮೇಲ್ವಿಚಾರಕರ ಕೈಗೆ ಒಂದು ಸಣ್ಣ ತಕ್ಕಡಿ, ಒಂದು ಆರು ಔನ್ಸಿನ ಬೊಟ್ಟು. ಅನುಮಾನ ಬಂದ ಕಲ್ಲನ್ನು ರಾಶಿಯಿಂದ ಎತ್ತಿ ತೂಗಬೇಕು. ಗೇಟಿನ ಬಳಿ ಗಾಡಿ ತೂಗುತ್ತಿದ್ದ ತಕ್ಕಡಿ ಈಗ ಜಲ್ಲಿ ರಾಶಿಯ ಪಕ್ಕಕ್ಕೆ ಬಂತು. ನನ್ನ ಮಟ್ಟಿಗೆ ಆತನ ಇಡೀ ಸಾಧನೆ ಈ ಒಂದು ಸ್ಥಳ ಬದಲಾವಣೆಯಲ್ಲಿದೆ.

ಕಲ್ಲು ಒಡೆಯುವವರು ಕುಳಿತು, ಸಣ್ಣ ಸುತ್ತಿಗೆಯಿಂದ ಒಡೆಯುವಂತೆ ಏರ್ಪಾಡು ಮಾಡಿದ. ಇದರಿಂದ ಮುದುಕರಿಗೆ, ಹೆಂಗಸರಿಗೆ, ಮಕ್ಕಳಿಗೂ ಕೂಲಿ ಸಿಕ್ಕಿತು. ಮಕ್ಕಳ ಕೈಗೆ ಸುತ್ತಿಗೆ ಕೊಟ್ಟದ್ದನ್ನು ಇಂದು ನಾವು ಒಪ್ಪುವುದಿಲ್ಲ, ಆ ಕಾಲದಲ್ಲಿ ಅದನ್ನು ಉಪಕಾರವೆಂದೇ ಎಣಿಸುತ್ತಿದ್ದರು. ಹಳೆಯ ರಸ್ತೆಗಳನ್ನು ಅಗೆಸಿ, ಒಳಗಿದ್ದ ದೊಡ್ಡ ಕಲ್ಲುಗಳನ್ನೇ ಒಡೆಸಿ ಮತ್ತೆ ಹರಡಿಸಿದ. ಹಲವು ಕಡೆ ಹೊಸ ಕಲ್ಲು ತರಿಸುವ ಅಗತ್ಯವೇ ಬೀಳಲಿಲ್ಲ. ಕಲ್ಲು ಪೂರೈಸಿ ಬದುಕುತ್ತಿದ್ದವರಿಗೆ ಇದು ಹೇಗೆ ಹಿಡಿಸಿರಬಹುದು, ನೀವೇ ಊಹಿಸಿ.

ಇಲ್ಲಿ ನನ್ನ ಲ್ಯಾಬಿನ ಮಾತು ಸ್ವಲ್ಪ ಹೇಳುತ್ತೇನೆ. ನಾನು ಕೆಲಸ ಮಾಡಿದ ಕಡೆ ಪರೀಕ್ಷೆಗಳಿಗೆ ಕೊರತೆ ಇರಲಿಲ್ಲ. ಜರಡಿ ಇತ್ತು, ಚಪ್ಪಟೆ ಕಲ್ಲು ಬೇರ್ಪಡಿಸುವ ಗೇಜ್ ಇತ್ತು, ಜಲ್ಲಿಯನ್ನು ಗುದ್ದಿ ನೋಡುವ ಯಂತ್ರ ಇತ್ತು. ಆದರೆ ಜಲ್ಲಿ ತರಿಸುತ್ತಿದ್ದವರೂ ನಮಗೆ ಸಂಬಳ ಕೊಡುತ್ತಿದ್ದವರೂ ಒಬ್ಬರೇ. ಸ್ಯಾಂಪಲ್ ಫಲಿತಾಂಶ ಬರುವ ಮೊದಲೇ ಟಿಪ್ಪರ್ ಖಾಲಿಯಾಗಿ, ಗ್ರೇಡರ್ ಓಡಿ ಹೋಗಿರುತ್ತಿತ್ತು. ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ಒಮ್ಮೆ ಎರಡು ಲೋಡ್ ವಾಪಸ್ ಕಳಿಸಿದರು. ಮರುವಾರ ಅವರನ್ನು ಬೇರೆ ಕ್ಯಾಂಪಿಗೆ ಹಾಕಿದರು. ಅವರ ಜರಡಿ ಸರಿಯಾಗಿಯೇ ಇತ್ತು. ಅವರ ಬೆನ್ನಿಗೆ ಯಾರೂ ಇರಲಿಲ್ಲ.

ಮೆಕಾಡಮ್ ಇನ್ನೂರು ವರ್ಷದ ಹಿಂದೆ ಹಿಡಿದ ಎಳೆಯೂ ಇದೇ. ಒಳ್ಳೆಯ ರಸ್ತೆಗೆ ಕಲ್ಲಿನಷ್ಟೇ ಸರ್ವೇಯರ್ ಮುಖ್ಯ ಎಂದು ಆತ ಪಟ್ಟು ಹಿಡಿದ. ಅವನಿಗೆ ಕೆಲಸ ಗೊತ್ತಿರಬೇಕು, ಮರ್ಯಾದೆಯಿಂದ ಬದುಕುವಷ್ಟು ಸಂಬಳ ಇರಬೇಕು, ಪೂರ್ತಿ ಹೊಣೆ ಇರಬೇಕು, ಲೆಕ್ಕ ಮೇಲಿನವರು ನೋಡುವಂತಿರಬೇಕು. ಚಿಕ್ಕ ಚಿಕ್ಕ ಟ್ರಸ್ಟ್‌ಗಳನ್ನು ಒಗ್ಗೂಡಿಸಬೇಕು. 1819 ಮತ್ತು 1823ರಲ್ಲಿ ಸಂಸತ್ತಿನ ಸಮಿತಿಗಳು ಈ ವಿಷಯ ವಿಚಾರಿಸಿದವು. ಟ್ರಸ್ಟ್‌ಗಳು ವರ್ಷ ವರ್ಷವೂ ಲೆಕ್ಕ ಒಪ್ಪಿಸಬೇಕೆಂದು 1822ರ ಕಾಯ್ದೆ ಹೇಳಿತು. 1826ರಲ್ಲಿ ಲಂಡನ್ನಿನಲ್ಲಿ ಥೇಮ್ಸ್ ನದಿಯ ಉತ್ತರದ ಹಲವು ಟ್ರಸ್ಟ್‌ಗಳನ್ನು ಒಂದೇ ಆಯೋಗದಡಿ ತಂದರು. 1835ರ ಹೆದ್ದಾರಿ ಕಾಯ್ದೆ ಬಿಟ್ಟಿ ದುಡಿತವನ್ನು ರದ್ದು ಮಾಡಿ, ಸಂಬಳದ ಸರ್ವೇಯರ್‌ಗೆ ದಾರಿ ಮಾಡಿತು. ಇದೆಲ್ಲ ಅವನೊಬ್ಬನಿಂದ ಆಯಿತು ಎನ್ನಲಾಗದು. ಅದೇ ಕಾಲದಲ್ಲಿ ಥಾಮಸ್ ಟೆಲ್ಫೋರ್ಡ್ ಸರ್ಕಾರದ ಹಣದಲ್ಲಿ ಲಂಡನ್‌ನಿಂದ ಹೋಲಿಹೆಡ್‌ವರೆಗಿನ ರಸ್ತೆಯನ್ನು ಸರಿಪಡಿಸುತ್ತಿದ್ದ. ಟೆಲ್ಫೋರ್ಡ್ ಕೆಳಗೆ ದೊಡ್ಡ ಕಲ್ಲುಗಳ ಅಡಿಪಾಯ ಹಾಕಿಸುತ್ತಿದ್ದ, ಖರ್ಚು ಹೆಚ್ಚು. ಇಬ್ಬರ ವಿಧಾನ ಬೇರೆಯಾದರೂ ಕೆಲಸವನ್ನು ನಿಂತು ನೋಡುವ ಮೇಲ್ವಿಚಾರಕ ಇಬ್ಬರಿಗೂ ಬೇಕಿತ್ತು.

ಆರು ಔನ್ಸಿನ ನಿಯಮ ಸಮುದ್ರವನ್ನೂ ದಾಟಿತು. 1823ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಬೂನ್ಸ್‌ಬರೋ ಮತ್ತು ಹೇಗರ್ಸ್‌ಟೌನ್ ನಡುವೆ ಆ ದೇಶದ ಮೊದಲ ಮೆಕಾಡಮ್ ರಸ್ತೆ ಆಯಿತು. ಕಲ್ಲಿಗೆ ಅಲ್ಲಿ ಇಟ್ಟ ಷರತ್ತೂ ಆರು ಔನ್ಸ್.

ಮೆಕಾಡಮ್‌ನನ್ನು ದೇವರು ಮಾಡಿ ಕೂರಿಸುವುದು ಬೇಡ. ಆತನ ಮೂವರು ಗಂಡುಮಕ್ಕಳೂ ಸರ್ವೇಯರ್‌ಗಳಾದರು. ಹಲವಾರು ಟ್ರಸ್ಟ್‌ಗಳ ಕೆಲಸ ಒಂದೇ ಕುಟುಂಬದ ಕೈಗೆ ಹೋಯಿತು. ಲಂಡನ್ನಿನ ಆಯೋಗದಲ್ಲಿ ಆ ಹುದ್ದೆ ಸಿಕ್ಕಿದ್ದೂ ಮಗ ಜೇಮ್ಸ್‌ಗೆ. ಪರರ ಲೆಕ್ಕ ಕೇಳಿದವನ ಮನೆಯವರ ಲೆಕ್ಕ ಕೇಳುವವರು ಯಾರು ಎಂದು ಆಗಲೇ ಟೀಕೆ ಬಂದಿತ್ತು. ನ್ಯಾಯವಾದ ಟೀಕೆಯೇ. ಕಾಯುವವನನ್ನು ಕಾಯುವವರೂ ಇರಬೇಕು ಎಂಬ ಪಾಠ ಅವನ ಬದುಕಿನಲ್ಲಿ ಹೀಗೂ ಇದೆ.

ಸಂಸತ್ತು ಆತನ ಖರ್ಚಿಗೆಂದು ಕೆಲವು ಸಾವಿರ ಪೌಂಡ್ ಕೊಟ್ಟಿತು. ನೈಟ್ ಪದವಿ ಕೊಡಲು ಬಂದಾಗ ವಯಸ್ಸಾಯಿತೆಂದು ಬೇಡವೆಂದ. ಅದು ಮುಂದೆ ಮಗನಿಗೆ ಹೋಯಿತು. 1836ರ ನವೆಂಬರ್ 26ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿನ ಮನೆಗೆ ಮರಳುವ ದಾರಿಯಲ್ಲಿ ಮೊಫಟ್ ಎಂಬಲ್ಲಿ ತೀರಿಕೊಂಡ. ಡಾಂಬರಿನಲ್ಲಿ ಹಣ ಕಳೆದುಕೊಂಡ ಆತ ತನ್ನ ರಸ್ತೆಗಳಿಗೆ ಡಾಂಬರು ಬಳಸಿರಲಿಲ್ಲ. ಮೋಟಾರು ಬಂದು ಧೂಳೆದ್ದ ಮೇಲೆ, 1902ರಲ್ಲಿ, ಎಡ್ಗರ್ ಹೂಲಿ ಎಂಬವರು ಟಾರ್ ಬೆರೆತ ಮೆಕಾಡಮ್‌ಗೆ ಪೇಟೆಂಟ್ ಪಡೆದರು. ಟಾರ್‌ಮ್ಯಾಕ್ ಎಂಬ ಹೆಸರು ಬಂದದ್ದು ಹಾಗೆ.

ನಮ್ಮ ದೇಶದಲ್ಲಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಅದರ ಮಾನದಂಡಗಳನ್ನೇ ನಾವು ಓದುವುದು. 2000ದಲ್ಲಿ ಆರಂಭವಾದ ಗ್ರಾಮ ಸಡಕ್ ಯೋಜನೆಯಲ್ಲಿ ಗುಣಮಟ್ಟ ನೋಡಲು ಮೂರು ಹಂತಗಳಿವೆ: ಮೊದಲನೆಯದು ಕೆಲಸದ ಸ್ಥಳದಲ್ಲೇ, ಎರಡನೆಯದು ರಾಜ್ಯದ ಪರಿವೀಕ್ಷಕರು, ಮೂರನೆಯದು ರಾಷ್ಟ್ರಮಟ್ಟದ ಪರಿವೀಕ್ಷಕರು. ಹೆದ್ದಾರಿಗಳಲ್ಲಿ ಗುತ್ತಿಗೆದಾರನ ಕೆಲಸ ನೋಡಲು ಬೇರೆ ಎಂಜಿನಿಯರ್ ಸಂಸ್ಥೆಯನ್ನು ನೇಮಿಸುವ ಪದ್ಧತಿಯೂ ಇದೆ. ಮೇಲಿನವರು ಬರುವುದು ಯಾವಾಗಲೋ ಒಮ್ಮೆ. ಜಲ್ಲಿ ಬೀಳುವುದು ಮಾತ್ರ ದಿನವೂ, ಮೊದಲ ಹಂತದಲ್ಲಿ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ನಮ್ಮಂಥವರ ಕಣ್ಣೆದುರು.

ಹಾಗಾಗಿ ಸೈಟ್ ಕೆಲಸಕ್ಕೆ ಸೇರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಸಂಬಳ ಎಷ್ಟೆಂದು ಕೇಳುವಾಗ ಇನ್ನೂ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನ ವರದಿ ಯಾರ ಮೇಜಿಗೆ ಹೋಗುತ್ತದೆ? ಕಲ್ಲು ಸರಿಯಿಲ್ಲವೆಂದರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ? ನಾನು ಬರೆದ ರಿಜಿಸ್ಟರನ್ನು ಹೊರಗಿನ ಯಾರಾದರೂ ತೆರೆದು ನೋಡುತ್ತಾರೆಯೇ? ನಾಳೆ ನಮ್ಮಲ್ಲಿ ಕೆಲವರು ಇಲಾಖೆಯ ಎಂಜಿನಿಯರ್‌ಗಳಾಗಿ ಇನ್ನೊಂದು ಕಡೆಯ ಕುರ್ಚಿಯಲ್ಲಿ ಕೂರುತ್ತೇವೆ. ಆಗ ಎರಡು ಲೋಡ್ ವಾಪಸ್ ಕಳಿಸಿದ ಲ್ಯಾಬ್ ಹುಡುಗನ ಹೆಸರು ನಮ್ಮ ಮೇಜಿಗೆ ಬರಬಹುದು. ಅವನನ್ನು ಅದೇ ಕ್ಯಾಂಪಿನಲ್ಲಿ ಉಳಿಸುವುದೋ ಬೇರೆ ಕಡೆಗೆ ಕಳಿಸುವುದೋ ಎಂಬುದು ಅಂದು ನಮ್ಮ ಕೈಯಲ್ಲಿರುತ್ತದೆ.