ಟ್ರಿನಿಟಿ ಕಾಲೇಜಿನಲ್ಲಿ ಸ್ಯಾದ್ವಾದ

ಭಾರತೀಯ ದರ್ಶನಗಳ ಇತಿಹಾಸವನ್ನು ಐದು ಸಂಪುಟಗಳಲ್ಲಿ ರಚಿಸಿದ ಸುರೇಂದ್ರನಾಥ ದಾಸಗುಪ್ತರು ಜನ್ಮತಃ ಜೈನರಲ್ಲ, ಬಂಗಾಳದ ಸಂಸ್ಕೃತ ವಿದ್ವಾಂಸರು. ಆದರೂ ಶ್ರಾವಕರಾದ ನಾವು ಅವರನ್ನು ಕೃತಜ್ಞತೆಯಿಂದ ಸ್ಮರಿಸಬೇಕಾಗಿದೆ.

ಚಿತ್ತಗಾಂಗಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರನ್ನು ಯುರೋಪಿಗೆ ಕಳುಹಿಸಿದವರು ಕಾಸಿಂಬಜಾರಿನ ಮಹಾರಾಜ ಮಣೀಂದ್ರಚಂದ್ರ ನಂದಿ. 1920ರಿಂದ 1922ರವರೆಗಿನ ಆ ಸಂಶೋಧನಾ ಪ್ರವಾಸದ ವೆಚ್ಚವನ್ನೆಲ್ಲ ಮಹಾರಾಜರೇ ವಹಿಸಿದರು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರದಾನವನ್ನೂ ಎಣಿಸುವ ನಮಗೆ ಇದರ ಬೆಲೆ ತಿಳಿಯದೆ ಇರದು. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡಿನವರಲ್ಲವೇ ನಾವು!

ಕೇಂಬ್ರಿಜ್‌ನಲ್ಲಿ ಅವರಿಗೆ ಗುರುವಾಗಿ ದೊರೆತವರು ಟ್ರಿನಿಟಿ ಕಾಲೇಜಿನ ಮೆಕ್‌ಟ್ಯಾಗರ್ಟ್. ಈ ತತ್ತ್ವಜ್ಞರ ಮತ ವಿಲಕ್ಷಣವಾದುದು. ಜಗತ್ಕರ್ತನಾದ ಈಶ್ವರನನ್ನು ಅವರು ಒಪ್ಪುತ್ತಿರಲಿಲ್ಲ. ಆತ್ಮಗಳು ಅನೇಕ, ನಿತ್ಯ, ಜನ್ಮಜನ್ಮಾಂತರಗಳನ್ನು ಹಾದುಬರುವಂಥವು ಎಂದು ನಂಬಿದ್ದರು. ಬಸದಿಯ ಶಾಸ್ತ್ರಪ್ರವಚನದಲ್ಲಿ ಕೇಳುವ ಮಾತನ್ನೇ ಕೇಳಿದಂತಾಗುತ್ತದೆ. ಆದರೆ ಆತುರಪಡಬಾರದು. ಜಡವಸ್ತು ಸತ್ಯವೆಂಬುದನ್ನು ಅವರು ಅಂಗೀಕರಿಸಲಿಲ್ಲ. ಪುದ್ಗಲವೇ ಇಲ್ಲವೆಂದ ಮೇಲೆ ಆಸ್ರವವೆಲ್ಲಿ, ಬಂಧವೆಲ್ಲಿ, ನಿರ್ಜರೆಯೆಲ್ಲಿ? ಹೋಲಿಕೆ ಕಂಡೊಡನೆ ಎರಡೂ ಒಂದೇ ಎನ್ನುವುದು ಏಕಾಂತದೋಷವೇ ಸರಿ.

ಇತಿಹಾಸದ ಮೊದಲ ಸಂಪುಟವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯವು 1922ರಲ್ಲಿ ಪ್ರಕಟಿಸಿತು. ಅದರ ಮುನ್ನುಡಿಗೆ ದಾಸಗುಪ್ತರು ಅಂಕಿತ ಹಾಕಿದ್ದು ಟ್ರಿನಿಟಿ ಕಾಲೇಜಿನಲ್ಲಿ. ಅದರ ಆರನೆಯ ಅಧ್ಯಾಯ ಜೈನದರ್ಶನಕ್ಕೆ ಮೀಸಲು. ಜೈನಮತವು ಬೌದ್ಧಮತದ ಶಾಖೆಯೆಂಬ ಭ್ರಮೆಯನ್ನು ಜರ್ಮನಿಯ ಹರ್ಮನ್ ಯಾಕೋಬಿ ಹಿಂದಿನ ಶತಮಾನದಲ್ಲೇ ನಿವಾರಿಸಿದ್ದರು. ದಾಸಗುಪ್ತರು ಮುಂದುವರಿದು ಅನೇಕಾಂತ, ನಯ, ಸ್ಯಾದ್ವಾದ, ಕರ್ಮಸಿದ್ಧಾಂತ, ಮೋಕ್ಷಗಳನ್ನು ಮೂಲಗ್ರಂಥಗಳಿಂದಲೇ ನಿರೂಪಿಸಿದರು. ತತ್ತ್ವಾರ್ಥಸೂತ್ರದೊಡನೆ ದ್ರವ್ಯಸಂಗ್ರಹವೂ ಅವರಿಗೆ ಆಧಾರ. ಶ್ರವಣಬೆಳಗೊಳದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳದೆಂದು ನಮ್ಮ ಪರಂಪರೆ ನಂಬಿರುವ ಆ ಕಿರುಗ್ರಂಥದ ಹೆಸರು ಕೇಂಬ್ರಿಜ್‌ನ ಪುಟಗಳಲ್ಲಿ ಅಚ್ಚಾಯಿತು. ಸೃಷ್ಟಿಕರ್ತನಿಲ್ಲವೆಂಬ ನಮ್ಮ ವಾದವನ್ನೂ ಅವರು ಮೃದುಗೊಳಿಸದೆ, ಹಳಿಯದೆ, ಇದ್ದಂತೆ ಇಟ್ಟರು. ತನ್ನದಲ್ಲದ ದರ್ಶನವನ್ನು ಹೀಗೆ ನಿರೂಪಿಸುವುದು ಸುಲಭವಲ್ಲ. ನಾವೇ ಪರಮತದ ವಿಷಯದಲ್ಲಿ ಎಷ್ಟು ಸಲ ಇದನ್ನು ಪಾಲಿಸಿದ್ದೇವೆ?

ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲತ್ವ, ವಿಶ್ವವಿದ್ಯಾಲಯದ ಪ್ರಾಧ್ಯಾಪಕತ್ವಗಳು ಮುಗಿದ ಮೇಲೆ, 1945ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೊರಟಾಗ ಅವರು ಹೃದ್ರೋಗಿ. ಐದು ವರ್ಷಗಳ ಸಮೀಪ ಅಲ್ಲಿದ್ದರು; ಬಹುಕಾಲ ಹಾಸಿಗೆಯೇ ಗತಿ. ಗ್ರಂಥ ಅಪೂರ್ಣವಾಗಿ ಉಳಿಯುವ ಭಯ ಎದುರಿಗಿತ್ತು. ಶರೀರ ಸಹಕರಿಸದಿದ್ದರೂ ಸ್ವಾಧ್ಯಾಯ ನಿಲ್ಲಲಿಲ್ಲ. ಸ್ವಾಧ್ಯಾಯವನ್ನು ಆಚಾರ್ಯರು ಅಂತರಂಗ ತಪಸ್ಸುಗಳಲ್ಲಿ ಸೇರಿಸಿರುವುದೇಕೆಂದು ಕೇಳುವ ಮಕ್ಕಳಿಗೆ ನಾನು ಈ ರೋಗಶಯ್ಯೆಯ ಕಥೆಯನ್ನೇ ಹೇಳುವುದುಂಟು. ಮಧ್ವಾಚಾರ್ಯರ ದ್ವೈತವನ್ನು ವಿಸ್ತಾರವಾಗಿ ವಿವೇಚಿಸುವ ನಾಲ್ಕನೆಯ ಸಂಪುಟ 1949ರಲ್ಲಿ ಹೊರಬಂದಿತು.

1950ರಲ್ಲಿ ಅವರು ಸ್ವದೇಶಕ್ಕೆ ಮರಳಿ ಲಖನೌದಲ್ಲಿ ನೆಲೆಸಿದರು. ವೀರಶೈವವನ್ನೂ ಒಳಗೊಂಡ ದಕ್ಷಿಣದ ಶೈವದರ್ಶನಗಳ ಬರವಣಿಗೆಯಲ್ಲಿ ತೊಡಗಿದ್ದಾಗ, 1952ರ ಡಿಸೆಂಬರಿನಲ್ಲಿ ದೇಹತ್ಯಾಗ ಮಾಡಿದರು. ಶಿಷ್ಯೆಯೂ ಪತ್ನಿಯೂ ಆಗಿದ್ದ ಸುರಮಾ ದಾಸಗುಪ್ತರು ಆ ಹಸ್ತಪ್ರತಿಯನ್ನು ಅಚ್ಚಿಗೆ ಸಿದ್ಧಗೊಳಿಸಿದರು. ಐದನೆಯ ಸಂಪುಟ 1955ರಲ್ಲಿ ಕೇಂಬ್ರಿಜ್‌ನಿಂದಲೇ ಪ್ರಕಟವಾಯಿತು.