ಇಪ್ಪತ್ತೈದು ವರ್ಷ ಮೌನವಾಗಿದ್ದ ಸಿಂಫನಿ

ರಷ್ಯದ ಸಂಗೀತಕಾರ ದ್ಮಿತ್ರಿ ಶೊಸ್ತಕೋವಿಚ್ ಎಂದೊಡನೆ ಬಹುಮಂದಿಗೆ ನೆನಪಾಗುವುದು, ಮುತ್ತಿಗೆಗೊಳಗಾದ ಲೆನಿನ್‌ಗ್ರಾಡಿನಲ್ಲಿ ಹಸಿದ ವಾದ್ಯಗಾರರು 1942ರಲ್ಲಿ ನುಡಿಸಿದ ಏಳನೆಯ ಸಿಂಫನಿ. ಅದರ ಕೀರ್ತಿ ತಕ್ಕುದೇ ಸರಿ. ಆದರೆ ಆತನ ಬಾಳು ಎಲ್ಲಿ ತಿರುಗಿತೆಂಬುದನ್ನು ಅರಿಯಬಯಸುವವರು ಮೊದಲ ನಾಲ್ಕು ಸಿಂಫನಿಗಳಿಗೆ ಕಿವಿಗೊಡಬೇಕು. ಕಿರಿಲ್ ಕೊಂದ್ರಾಶಿನ್ ಎಂಬ ನಿರ್ದೇಶಕನು ಮಾಸ್ಕೋ ಫಿಲ್ಹಾರ್ಮೊನಿಕ್ ವಾದ್ಯವೃಂದದಿಂದ ನುಡಿಸಿದ ಧ್ವನಿಮುದ್ರಿಕೆಗಳಲ್ಲಿ ಅವು ನಾಲ್ಕೂ ದೊರೆಯುತ್ತವೆ.

ಶೊಸ್ತಕೋವಿಚ್ ಹುಟ್ಟಿದುದು 1906ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ತಾಯಿಯೇ ಪಿಯಾನೊದ ಮೊದಲ ಗುರು. ಹದಿಮೂರನೆಯ ವಯಸ್ಸಿಗೆ ಸಂಗೀತ ವಿದ್ಯಾಲಯವನ್ನು ಸೇರಿದ. 1922ರಲ್ಲಿ ತಂದೆ ತೀರಿಕೊಂಡರು. ಹುಡುಗನಿಗೆ ಕ್ಷಯ ತಗಲಿತು. ಮನೆಯ ಖರ್ಚಿಗಾಗಿ ಮೂಕಚಿತ್ರಗಳಿಗೆ ಪಿಯಾನೊ ನುಡಿಸುತ್ತ ಸಿನಿಮಾ ಮಂದಿರಗಳಲ್ಲಿ ಕುಳಿತ. ಅವನ ಮೊದಲ ಸಿಂಫನಿಯ ಹಾಸ್ಯ, ದಿಢೀರ್ ತಿರುವುಗಳು, ಮಧ್ಯೆ ನುಗ್ಗಿಬರುವ ಪಿಯಾನೊ, ಇವುಗಳಲ್ಲಿ ಆ ಕತ್ತಲೆಯ ಮಂದಿರಗಳ ನೆರಳಿದೆಯೆಂದು ನನಗೆ ತೋರುತ್ತದೆ. ವಿದ್ಯಾಭ್ಯಾಸದ ಕೊನೆಗೆ ಒಪ್ಪಿಸಿದ ಆ ಕೃತಿಯನ್ನು 1926ರ ಮೇ 12ರಂದು ನಿಕೊಲಾಯ್ ಮಾಲ್ಕೊ ಲೆನಿನ್‌ಗ್ರಾಡಿನಲ್ಲಿ ನುಡಿಸಿದ. ಮರುವರ್ಷವೇ ಬರ್ಲಿನ್ನಿನಲ್ಲಿ ಬ್ರೂನೊ ವಾಲ್ಟರ್, ಬಳಿಕ ಅಮೆರಿಕದಲ್ಲಿ ಸ್ಟೊಕೊವ್‌ಸ್ಕಿ ಅದನ್ನು ಕೈಗೆತ್ತಿಕೊಂಡರು. 1933ರಲ್ಲಿ ಸ್ಟೊಕೊವ್‌ಸ್ಕಿ ಅದನ್ನು ಗ್ರಾಮಫೋನ್ ತಟ್ಟೆಗಳಿಗೂ ಇಳಿಸಿದ.

ಎರಡನೆಯದೂ ಮೂರನೆಯದೂ ಕ್ರಾಂತಿಯ ಉತ್ಸವಗಳ ಕೃತಿಗಳು. ಎರಡರ ಕೊನೆಯಲ್ಲಿಯೂ ಮೇಳಗಾನವಿದೆ. ಎರಡನೆಯದರಲ್ಲಿ ಕಾರ್ಖಾನೆಯ ಕೂಗು ಕೂಡ ವಾದ್ಯವಾಗಿದೆ. ಸಾಹಸ ಹೆಚ್ಚು, ಸತ್ತ್ವ ಕಡಿಮೆ.

1936ರ ಜನವರಿಯಲ್ಲಿ ಸ್ಟಾಲಿನ್ ಅವನ ಸಂಗೀತನಾಟಕವೊಂದನ್ನು ನೋಡಿ ಅಸಮಾಧಾನದಿಂದ ಎದ್ದುಹೋದ. ಜನವರಿ 28ರ ಪ್ರಾವ್ದಾ ಪತ್ರಿಕೆ ಆ ಸಂಗೀತವನ್ನು ಗೊಂದಲವೆಂದು ಜರೆಯಿತು. ಅಂದಿನ ರಷ್ಯದಲ್ಲಿ ಅದು ಬರಿಯ ವಿಮರ್ಶೆಯಲ್ಲ, ಎಚ್ಚರಿಕೆ. ನಾಲ್ಕನೆಯ ಸಿಂಫನಿ ಆಗ ಅರ್ಧಕ್ಕೂ ಮಿಕ್ಕಿ ಸಿದ್ಧವಾಗಿತ್ತು. ಶೊಸ್ತಕೋವಿಚ್ ಬರವಣಿಗೆ ನಿಲ್ಲಿಸಲಿಲ್ಲ. ಧೋರಣೆಯನ್ನು ಬದಲಿಸಲೂ ಇಲ್ಲ. ನೂರಕ್ಕೂ ಹೆಚ್ಚು ವಾದ್ಯಗಾರರನ್ನು ಬೇಡುವ, ಒಂದು ಗಂಟೆಯ ಆ ಕೃತಿಯನ್ನು ಮೇ ತಿಂಗಳಲ್ಲಿ ಮುಗಿಸಿದ. ಲೆನಿನ್‌ಗ್ರಾಡಿನಲ್ಲಿ ತಾಲೀಮು ನಡೆಯಿತು. ಡಿಸೆಂಬರಿನಲ್ಲಿ, ಕಛೇರಿಗೆ ಮುನ್ನ, ಕೃತಿಯನ್ನು ಹಿಂತೆಗೆದುಕೊಳ್ಳಲಾಯಿತು. ಮರುವರ್ಷ ಅವನಿಗೆ ಆಶ್ರಯ ನೀಡಿದ್ದ ಸೇನಾನಿ ತುಖಾಚೆವ್‌ಸ್ಕಿಯನ್ನು ಗುಂಡಿಟ್ಟು ಕೊಂದರು. ಕವಿಯ ಬಹಿಷ್ಕೃತ ಕವಿತೆ ಕೈಯಿಂದ ಕೈಗೆ ಗುಟ್ಟಾಗಿ ಸಾಗಬಹುದು. ಸಿಂಫನಿಗೆ ಅಂತಹ ಗುಪ್ತಮಾರ್ಗವಿಲ್ಲ. ನೂರು ಜನ ವೇದಿಕೆಯೇರದ ಹೊರತು ಅದು ಕಾಗದದ ಮೇಲಿನ ಮಸಿ ಮಾತ್ರ.

1937ರಲ್ಲಿ ಬಂದ ಐದನೆಯ ಸಿಂಫನಿ ಅವನನ್ನು ಉಳಿಸಿತು. ಅದರ ಭವ್ಯತೆಯನ್ನು ಅಲ್ಲಗಳೆಯಲಾಗದು. ಆದರೆ ನಾಲ್ಕನೆಯದರಲ್ಲಿ ಕಟ್ಟೆಯೊಡೆದು ಹರಿದಿದ್ದ ಪ್ರವಾಹ ಇಲ್ಲಿ ದಡಗಳ ನಡುವೆ ಹರಿಯುತ್ತದೆ. 1948ರಲ್ಲಿ ಮತ್ತೊಮ್ಮೆ ನಿಂದೆ, ಮತ್ತೊಮ್ಮೆ ಮೌನ. ಈ ನಡುವೆ ಯುದ್ಧಕಾಲದಲ್ಲಿ ನಾಲ್ಕನೆಯ ಸಿಂಫನಿಯ ಮೂಲಪ್ರತಿ ಕಳೆದುಹೋಗಿತ್ತು. ಪಿಟೀಲಿಗೆ, ಕೊಳಲಿಗೆ, ತುತ್ತೂರಿಗೆ ಎಂದು ಬೇರೆ ಬೇರೆಯಾಗಿ ಬರೆದಿಟ್ಟ ತಾಲೀಮಿನ ಹಾಳೆಗಳು ಮಾತ್ರ ಲೆನಿನ್‌ಗ್ರಾಡಿನಲ್ಲಿ ಉಳಿದಿದ್ದುವು. ಅವುಗಳನ್ನು ಜೋಡಿಸಿ ಇಡೀ ಕೃತಿಯನ್ನು ಮರಳಿ ಕಟ್ಟಿದರು. 1961ರ ಡಿಸೆಂಬರ್ 30ರಂದು ಮಾಸ್ಕೋದಲ್ಲಿ ಕೊಂದ್ರಾಶಿನ್ ಅದನ್ನು ನುಡಿಸಿದ. ಇಪ್ಪತ್ತೊಂಬತ್ತರ ಯುವಕ ಬರೆದುದನ್ನು ಐವತ್ತೈದರ ಪ್ರೌಢ ಕಿವಿಯಾರೆ ಕೇಳಿದ.

ಅಲ್ಲಿಂದ ಮುಂದೆ ಕೊಂದ್ರಾಶಿನ್ ಶೊಸ್ತಕೋವಿಚ್ಚನ ಹದಿನೈದು ಸಿಂಫನಿಗಳನ್ನೂ ಧ್ವನಿಮುದ್ರಿಸಿದ. ಎಲ್ಲವನ್ನೂ ಮುದ್ರಿಸಿದವರಲ್ಲಿ ಅವನೇ ಮೊದಲಿಗ. ರಚನಕಾರ 1975ರ ಆಗಸ್ಟ್ 9ರಂದು ಮಾಸ್ಕೋದಲ್ಲಿ ತೀರಿಕೊಂಡ.

ನಾಲ್ಕನೆಯ ಸಿಂಫನಿಯ ಮುಕ್ತಾಯವನ್ನು ಕೇಳುವಾಗ ಕೋಣೆಯಲ್ಲಿ ನಿಶ್ಶಬ್ದವಿರುವುದು ಒಳ್ಳೆಯದು. ಇಡೀ ವಾದ್ಯವೃಂದ ಒಮ್ಮೆ ಗರ್ಜಿಸಿ ಕುಸಿಯುತ್ತದೆ. ಬಳಿಕ ತಂತಿವಾದ್ಯಗಳು ಒಂದೇ ಸ್ವರಮೇಳವನ್ನು ನಿಮಿಷಗಟ್ಟಲೆ ಹಿಡಿದು ನಿಲ್ಲುತ್ತವೆ. ಅದರ ಮೇಲೆ ಚೆಲೆಸ್ಟಾ ಎಂಬ ಪುಟ್ಟ ಗಂಟೆದನಿಯ ವಾದ್ಯ ಬಿಡಿಬಿಡಿಯಾಗಿ ಕೆಲವು ಸ್ವರಗಳನ್ನು ಉದುರಿಸಿ ಸುಮ್ಮನಾಗುತ್ತದೆ.